ಪದಕದ ಅಂಚಿನಲ್ಲಿ ಒಂದು ಹೆಸರಿದೆ

ಕಳೆದ ವರ್ಷ ಒಂದು ಭಾನುವಾರ ಸ್ಪರ್ಧಾತ್ಮಕ ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋಗಿದ್ದೆ. ಪೇಪರ್ ಚೆನ್ನಾಗಿ ಆಗಿರಲಿಲ್ಲ. ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾರ್ಕೆಟ್ ಕಡೆಯ ಫುಟ್‌ಪಾತ್‌ನಲ್ಲಿ ಹಳೇ ಸಾಮಾನು ಹರಡಿಕೊಂಡು ಕೂರುವ ವ್ಯಾಪಾರಿಗಳ ಮುಂದೆ ಸುಮ್ಮನೆ ಅಡ್ಡಾಡುತ್ತಿದ್ದೆ. ಕೆಟ್ಟ ವಾಚು, ತಾಮ್ರದ ಚೊಂಬು, ಹಳೇ ನಾಣ್ಯಗಳ ನಡುವೆ ಕಪ್ಪಗಾದ ಒಂದು ಬಿಲ್ಲೆ ಬಿದ್ದಿತ್ತು. ಒಂದು ಬದಿಯಲ್ಲಿ ದೊರೆ ಐದನೇ ಜಾರ್ಜ್, ಇನ್ನೊಂದು ಬದಿಯಲ್ಲಿ ಕುದುರೆ ಸವಾರ, 1914, 1918 ಎಂಬ ಇಸವಿಗಳು. ವ್ಯಾಪಾರಿ ಅದನ್ನು ಪುಟ್ಟ ತಕ್ಕಡಿಗೆ ಹಾಕಿ ತೋರಿಸಿದ. ಮೂವತ್ತು ಗ್ರಾಂ ಚಿಲ್ಲರೆ.

‘ಬೆಳ್ಳಿ ರೇಟ್ ಕೊಡಿ ಸಾಕು ಸಾರ್. ಇಲ್ಲಾಂದ್ರೆ ನಾಳೆ ಕರಗಿಸೋಕೆ ಹೋಗ್ತದೆ’ ಎಂದ.

ಕೈಗೆ ತೆಗೆದುಕೊಂಡು ತಿರುಗಿಸಿದಾಗ ಅಂಚಿನಲ್ಲಿ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು. ಒಂದು ಸಂಖ್ಯೆ, ಸಿಪಾಯಿ ಎಂಬ ಹುದ್ದೆ, ಅರ್ಧ ಸವೆದ ಒಂದು ಹೆಸರು, ಕೊನೆಯಲ್ಲಿ 61 ಪಯನಿಯರ್ಸ್. ಅಲ್ಲಿಯವರೆಗೆ ಅದು ನನಗೆ ಬೆಳ್ಳಿಯಾಗಿತ್ತು. ಆ ಹೆಸರು ಓದಿದ ಮೇಲೆ ಅದನ್ನು ತಕ್ಕಡಿಗೆ ವಾಪಸ್ ಹಾಕಲು ಮನಸ್ಸು ಬರಲಿಲ್ಲ. ಕೋಚಿಂಗ್ ಫೀಸಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಎರಡೂವರೆ ಸಾವಿರ ಎಣಿಸಿ ಕೊಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಮನೆಯಲ್ಲಿ ಏನು ಹೇಳುವುದೆಂದು ಹೊಟ್ಟೆಯಲ್ಲಿ ತಳಮಳ ಶುರುವಾಯಿತು.

ಈ ಬರಹ ಆ ಎರಡೂವರೆ ಸಾವಿರದ ಸಮರ್ಥನೆ ಎಂದುಕೊಂಡರೂ ಸರಿಯೇ. ಆದರೆ ಆ ದಿನದಿಂದ ನಾನು ಕಲಿತದ್ದನ್ನು ನನ್ನ ವಯಸ್ಸಿನವರಿಗೆ ಹೇಳಲೇಬೇಕು. ಯುದ್ಧಕಾಲದ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ ನಮ್ಮಲ್ಲೂ ಬೆಳೆಯುತ್ತಿದೆ. ವಸ್ತು ಕೊಳ್ಳುವವರು ಸಿಗುತ್ತಾರೆ. ಅದನ್ನು ಧರಿಸಿದ್ದ ಮನುಷ್ಯ ಯಾರೆಂದು ಹುಡುಕುವವರು ಅಪರೂಪ. ಹುಡುಕದ ಸಂಗ್ರಹ ಗುಜರಿ ಅಂಗಡಿಗಿಂತ ಸ್ವಲ್ಪ ಚೊಕ್ಕಟ, ಅಷ್ಟೇ ಎನ್ನುವುದು ನನ್ನ ವಾದ.

ಅಂಚು ಹೇಳಿದ ಕಥೆ

ನಾನು ಕೊಂಡದ್ದು ‘ಬ್ರಿಟಿಷ್ ವಾರ್ ಮೆಡಲ್’. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟದ್ದು. ಬೆಳ್ಳಿಯಲ್ಲಿ ಸುಮಾರು 65 ಲಕ್ಷ ಪದಕಗಳನ್ನು ಹಂಚಿದ್ದರು. ಹಾಗಾಗಿ ಅದು ಅಪರೂಪದ ವಸ್ತುವೇನಲ್ಲ. ಇದೇ ಪದಕದ ಕಂಚಿನ ರೂಪವೂ ಇದೆ. ಕೂಲಿ ಪಡೆಗಳಲ್ಲಿ ದುಡಿದ ಭಾರತೀಯರು, ಚೀನೀಯರು ಮುಂತಾದವರಿಗೆ ಸಿಕ್ಕಿದ್ದು ಅದು. ಒಂದೇ ಯುದ್ಧ, ಒಂದೇ ಅಚ್ಚು. ಗುಂಡಿ ತೋಡಿದವನಿಗೆ ಮಾತ್ರ ಬೇರೆ ಲೋಹ!

ಪದಕದ ಬೆಲೆಬಾಳುವ ಭಾಗ ದೊರೆಯ ಮುಖವಲ್ಲ, ಅಂಚು. ಪಡೆದವನ ಸಂಖ್ಯೆ, ಹುದ್ದೆ, ಹೆಸರು, ಪಡೆ ನಾಲ್ಕನ್ನೂ ಅಲ್ಲಿ ಅಚ್ಚೊತ್ತುತ್ತಿದ್ದರು. ಶೋಧ ಶುರುವಾಗುವುದು ಅಲ್ಲಿಂದ. ‘ಪಯನಿಯರ್ಸ್’ ಎಂದರೆ ರಸ್ತೆ ಮಾಡುವ, ಕಂದಕ ತೋಡುವ, ಬೇಕಾದಾಗ ಬಂದೂಕು ಹಿಡಿದು ಕಾದಾಡುವ ಪಡೆ. 61ನೆಯದು ಮದ್ರಾಸ್ ಕಡೆಯ ಪಯನಿಯರ್ ಪಡೆಗಳಲ್ಲಿ ಒಂದು. 1933ರಲ್ಲಿ ಮದ್ರಾಸ್ ಪಯನಿಯರ್ ಪಡೆಯನ್ನೇ ವಿಸರ್ಜಿಸಿದರು. ಹೆಸರಿಲ್ಲದೆ ಹೋದ ಪಡೆಯ ಹೆಸರು ಈಗ ನನ್ನ ಅಂಗೈಯಲ್ಲಿತ್ತು.

ಈ ಪಡೆ 1914ರ ನವೆಂಬರ್‌ನಲ್ಲಿ ಪೂರ್ವ ಆಫ್ರಿಕಾದ ಟಾಂಗಾ ಎಂಬ ಬಂದರಿಗೆ ಇಳಿದಿತ್ತು. ಇವತ್ತು ಅದು ತಾಂಜಾನಿಯಾದಲ್ಲಿದೆ, ಅಂದು ಜರ್ಮನರ ವಸಾಹತು. ಭಾರತದಿಂದ ಹೋಗಿದ್ದ ಸುಮಾರು 8 ಸಾವಿರ ಜನರ ದಂಡಿನ ಎದುರು ಜರ್ಮನರ ಬಳಿ ಇದ್ದದ್ದು ಸಾವಿರದ ಆಸುಪಾಸು. ಆದರೂ ಸೋತದ್ದು ನಮ್ಮವರು ಹೋದ ದಂಡು. ಮೇಲಧಿಕಾರಿಗಳ ಯೋಜನೆಯೇ ಹಳ್ಳ ಹಿಡಿದಿತ್ತು. ಸಾಲದೆಂಬಂತೆ ಗುಂಡಿನ ಸದ್ದಿಗೆ ಕೆರಳಿದ ಜೇನುನೊಣಗಳು ಸೈನಿಕರ ಮೇಲೆ ಮುಗಿಬಿದ್ದವು. ಈ ಕದನವನ್ನು ‘ಜೇನುಹುಳುಗಳ ಕದನ’ ಎಂದೇ ಇಂದಿಗೂ ಕರೆಯುತ್ತಾರೆ. ಪಿಯುಸಿಯಿಂದ ಡಿಗ್ರಿಯವರೆಗೆ ಇತಿಹಾಸ ಓದಿದ ನಾನು ಟಾಂಗಾ ಎಂಬ ಹೆಸರನ್ನು ಒಂದೇ ಒಂದು ಸಲವೂ ಕೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನನ್ನ ಪದಕದ ಸಿಪಾಯಿ ಟಾಂಗಾದಲ್ಲಿ ಜೇನು ಕಚ್ಚಿಸಿಕೊಂಡ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಆಧಾರವಿಲ್ಲ. ಪಡೆ ಅಲ್ಲಿತ್ತು ಎನ್ನುವುದಕ್ಕೆ ದಾಖಲೆ ಇದೆ. ಆತ ಅಲ್ಲಿದ್ದನೇ, ನಂತರ ಸೇರಿದನೇ, ಬೆಂಗಳೂರಿನ ಡಿಪೋದಿಂದ ಯಾವ ಹಡಗಿನಲ್ಲಿ ಹೋದ ಎನ್ನುವುದಕ್ಕೆ ಇನ್ನೂ ಇಲ್ಲ. ಪಡೆಯ ಚರಿತ್ರೆಯನ್ನು ಮನುಷ್ಯನ ಚರಿತ್ರೆ ಎಂದುಕೊಳ್ಳುವುದು ಈ ಹವ್ಯಾಸದಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. ನಾನೂ ಮಾಡಿದ್ದೆ. ಗೆಳೆಯರ ಮುಂದೆ ವಾರಗಟ್ಟಲೆ ಜೇನಿನ ಕಥೆ ಹೇಳಿ ಬೀಗಿದ್ದೆ.

ಸಿಗದ ಹೆಸರಿನ ಅರ್ಥ

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯೊಂದಿದೆ. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರುಗಳನ್ನು ಅದು ಕಾಪಾಡುತ್ತದೆ. ಆ ಪಟ್ಟಿಯನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಹಳ್ಳಿ, ಜಿಲ್ಲೆಯೂ ಸಿಗುತ್ತದೆ. ನಾನು ಮೂರು ರಾತ್ರಿ ಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ಹುಡುಕಿದೆ. ನಮ್ಮ ಹೆಸರುಗಳನ್ನು ಬ್ರಿಟಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡವರು. ಒಬ್ಬನೇ ಮುನಿಸ್ವಾಮಿ ನಾಲ್ಕು ಬಗೆಯಲ್ಲಿ ಇರುತ್ತಾನೆ. ಆದರೂ ನನ್ನ ಸಿಪಾಯಿ ಸಿಗಲಿಲ್ಲ.

ಮೊದಲು ನಿರಾಸೆಯಾಯಿತು. ಆಮೇಲೆ ಹೊಳೆಯಿತು: ಅದು ಸತ್ತವರ ಪಟ್ಟಿ. ಅದರಲ್ಲಿ ಆತ ಇಲ್ಲವೆಂದರೆ ಬಹುಶಃ ಬದುಕಿ ಮನೆಗೆ ಬಂದಿದ್ದಾನೆ! ಆ ರಾತ್ರಿ ಒಬ್ಬ ಅಪರಿಚಿತನಿಗಾಗಿ ಖುಷಿಪಟ್ಟದ್ದು ನೆನಪಿದೆ. ಆದರೆ ವಿಚಿತ್ರ ನೋಡಿ, ಸತ್ತವನಿಗೆ ಕಲ್ಲಿನಲ್ಲೋ ಕಾಗದದಲ್ಲೋ ಜಾಗ ಸಿಗುತ್ತದೆ. ಬದುಕಿ ಬಂದು ಹೊಲ ಉತ್ತು ಮುದುಕನಾದವನಿಗೆ ಪದಕದ ಅಂಚೊಂದೇ ಉಳಿಯುತ್ತದೆ. ಅದನ್ನೂ ಕರಗಿಸಿದರೆ ಅವನು ಯುದ್ಧಕ್ಕೆ ಹೋದದ್ದಕ್ಕೇ ಸಾಕ್ಷಿ ಇರುವುದಿಲ್ಲ.

ಸತ್ತವರಿಗೆಲ್ಲ ಜಾಗ ಸಿಕ್ಕಿತೆಂದೂ ಇಲ್ಲ. ಇರಾಕಿನ ಬಸ್ರಾದಲ್ಲಿ ದೊಡ್ಡ ಯುದ್ಧಸ್ಮಾರಕವಿದೆ. 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲಿಲ್ಲ. ಪಡೆಯ ಹೆಸರು, ಸತ್ತವರು ಇಷ್ಟು ಜನ ಎಂಬ ಲೆಕ್ಕ, ಮುಗಿಯಿತು. 2021ರಲ್ಲಿ ಆ ಕಮಿಷನ್ನೇ ಒಂದು ವರದಿ ಹೊರತಂದು, ಭಾರತ, ಆಫ್ರಿಕಾ ಮುಂತಾದ ಕಡೆಯ 45 ಸಾವಿರದಿಂದ 54 ಸಾವಿರದಷ್ಟು ಮೃತರನ್ನು ಸಮಾನವಾಗಿ ಸ್ಮರಿಸಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಹೆಸರನ್ನು ಸಂಖ್ಯೆ ಮಾಡಿದ ಕೆಲಸ ಒಂದು ಕಾಲದ ಸರ್ಕಾರದ್ದು. ಪದಕವನ್ನು ಗ್ರಾಂ ಲೆಕ್ಕಕ್ಕೆ ಇಳಿಸುವ ಕೆಲಸ ಈಗ ನಮ್ಮದು.

ಅಜ್ಜಿಯ ಕುಂಕುಮದ ಭರಣಿ

ದುಡ್ಡಿನ ವಿಷಯ ಮನೆಯಲ್ಲಿ ಬಯಲಾದಾಗ ಅಪ್ಪ ಎರಡು ದಿನ ಮಾತಾಡಲಿಲ್ಲ. ಅಜ್ಜಿ ಮಾತ್ರ ಪದಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ‘ಇಂಥದ್ದೇ ನಮ್ಮ ತಾತನದೂ ಇತ್ತಲ್ಲೋ’ ಎಂದರು.

ನನಗೆ ಗೊತ್ತೇ ಇರಲಿಲ್ಲ. ಅಜ್ಜಿಯ ತಾತನನ್ನು ಊರವರು ‘ಮಿಲಿಟ್ರಿ ತಾತ’ ಎನ್ನುತ್ತಿದ್ದರಂತೆ. ಬಸರಾಕ್ಕೆ ಹೋಗಿ ಬಂದವನಂತೆ. ‘ಆ ಪದಕ ಎಲ್ಲಿ ಅಜ್ಜಿ?’ ಎಂದು ಕೇಳಿದೆ. ‘ನನ್ನ ಮದುವೇಲಿ ಕೈ ಕಟ್ಟಿತ್ತು. ಅಪ್ಪ ಅದನ್ನೇ ಅಕ್ಕಸಾಲಿಗೆ ಕೊಟ್ಟು ನನಗೆ ಕಾಲುಂಗುರ ಮಾಡಿಸಿದ್ರು. ಮಿಕ್ಕಿದ್ದರಲ್ಲಿ ಆ ಕುಂಕುಮದ ಭರಣಿ’ ಎಂದು ದೇವರ ಮನೆಯ ಕಡೆ ಕೈ ತೋರಿಸಿದರು.

ಆ ಭರಣಿಯನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅದು ನಮ್ಮ ಮುತ್ತಾತನ ಬಸ್ರಾ ಎಂದು ಯಾರೂ ಹೇಳಿರಲಿಲ್ಲ. ಅಜ್ಜಿಗೆ ತಾತನ ಹೆಸರು ಗೊತ್ತು. ಆದರೆ ನಮ್ಮ ಕೋಲಾರದ ಕಡೆ ಅದು ಮನೆಗೊಬ್ಬರಿಗೆ ಇರುವ ಹೆಸರು. ಪಡೆ ಯಾವುದೆಂದು ಗೊತ್ತಿಲ್ಲ. ಸಂಖ್ಯೆ ಗೊತ್ತಿಲ್ಲ. ಅವೆರಡೂ ಪದಕದ ಅಂಚಿನಲ್ಲಿದ್ದವು. ಅಕ್ಕಸಾಲಿಯ ಮೂಸೆಯಲ್ಲಿ ಹೋದವು. ಹೀಗಾಗಿ ಬೀದಿಯಲ್ಲಿ ಸಿಕ್ಕ ಅಪರಿಚಿತನ ಬಗ್ಗೆ ನನಗೆ ಗೊತ್ತಿರುವಷ್ಟು ನನ್ನ ಸ್ವಂತ ಮುತ್ತಾತನ ಬಗ್ಗೆ ಗೊತ್ತಿಲ್ಲ.

ಇದಕ್ಕೆ ಅಜ್ಜಿಯ ಅಪ್ಪನನ್ನು ದೂರಲು ನನಗೆ ಮನಸ್ಸಿಲ್ಲ. ಮಗಳ ಮದುವೆಗಿಂತ ದೊರೆಯ ಬಿಲ್ಲೆ ದೊಡ್ಡದೇ? ಹಸಿವು, ಮದುವೆ, ಆಸ್ಪತ್ರೆ ಬಂದಾಗ ಬೆಳ್ಳಿ ಬೆಳ್ಳಿಯೇ. ಆದರೆ ಕರಗಿಸುವ ಮುನ್ನ ಅಂಚಿನ ಒಂದು ಸಾಲನ್ನು ಯಾರಾದರೂ ಗೋಡೆಯ ಮೇಲಾದರೂ ಬರೆದಿಟ್ಟಿದ್ದರೆ? ಅದಕ್ಕೆ ಕಾಸು ಬೇಕಿರಲಿಲ್ಲ. ಇವತ್ತು ನಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಈಗಲೂ ಆ ಸಾಲು ಕಳೆದುಹೋದರೆ ಅದು ಬಡತನದ ತಪ್ಪಲ್ಲ, ನಮ್ಮ ಸೋಮಾರಿತನದ್ದು.

‘ಬ್ರಿಟಿಷರ ಚಾಕರಿ ಮಾಡಿದವರಲ್ಲವೇ?’

ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ದೇಶ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದಾಗ ಆಳುವವರ ಸೈನ್ಯದಲ್ಲಿದ್ದವರನ್ನು ಏಕೆ ನೆನೆಯಬೇಕು?

ಮೊದಲ ಮಹಾಯುದ್ಧ ಶುರುವಾದಾಗ ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಆ ಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿದರು. 74 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಇವರಲ್ಲಿ ಎಷ್ಟು ಜನ ದೊರೆಯ ಮೇಲಿನ ಪ್ರೀತಿಗೆ ಹೋಗಿದ್ದಾರು? ಮಳೆ ಕೈಕೊಟ್ಟ ಹೊಲ, ಸಾಲ, ಮನೆಯಲ್ಲಿ ಉಣ್ಣುವ ಬಾಯಿಗಳು ಎಷ್ಟೋ ಜನರನ್ನು ಹಡಗು ಹತ್ತಿಸಿರಬೇಕು. ಎತ್ತರ ಅಳೆಸಿಕೊಂಡು, ಎದೆ ಅಳೆಸಿಕೊಂಡು, ಭರ್ತಿಯ ಸಾಲಿನಲ್ಲಿ ನಿಂತ ಇಪ್ಪತ್ತರ ಹುಡುಗರು. ಕಾಲ್‌ಲೆಟರ್‌ಗಾಗಿ ಕಾಯುವ ನಮಗಿಂತ ಅವರು ಬೇರೆಯವರಲ್ಲ. ಅವರೂ ಕೆಲಸ ಹುಡುಕಿಕೊಂಡು ಹೊರಟವರೇ. ಸಾಮ್ರಾಜ್ಯವನ್ನು ಹೊಗಳದೆಯೂ ಅವರನ್ನು ನೆನೆಯಬಹುದು. ಹಾಗೆ ನೋಡಿದರೆ ಸಾಮ್ರಾಜ್ಯ ಅವರನ್ನು ಹೇಗೆ ಬಳಸಿಕೊಂಡಿತು ಎನ್ನುವುದು ಒಬ್ಬೊಬ್ಬರ ಹೆಸರು ಹಿಡಿದು ಹೋದಾಗಲೇ ತಿಳಿಯುವುದು.

ನಮ್ಮಲ್ಲಿ ನೆನಪು ಇಲ್ಲವೆಂದಲ್ಲ, ನೋಡುವುದಿಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ತುದಿಯಲ್ಲಿ ಒಂದು ಕಲ್ಲಿನ ಸ್ಮಾರಕವಿದೆ. ಎಷ್ಟೋ ಸಲ ಅದರ ಪಕ್ಕದಲ್ಲೇ ನಿಂತು ಗೆಳೆಯರಿಗೆ ಕಾದಿದ್ದೇನೆ. ಅದು ಮದ್ರಾಸ್ ಪಯನಿಯರ್ಸ್‌ನ ಮೃತ ಯೋಧರ ಸ್ಮಾರಕ ಎಂದು ತಿಳಿದದ್ದು ಈ ಪದಕ ಸಿಕ್ಕ ಮೇಲೆ! ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದದ್ದು ಜೋಧಪುರ ಮತ್ತು ಮೈಸೂರಿನ ಕುದುರೆ ಪಡೆಗಳು. ಫಿರಂಗಿ, ಮೆಷಿನ್‌ಗನ್‌ಗಳ ಎದುರು ಈಟಿ ಹಿಡಿದು ಕುದುರೆ ಓಡಿಸಿದವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 1942ರಲ್ಲಿ ಸಿಂಗಪುರ ಜಪಾನೀಯರ ಕೈಗೆ ಬಿದ್ದಾಗ ಅಲ್ಲಿ ಮೈಸೂರು ಇನ್‌ಫೆಂಟ್ರಿಯೂ ಇತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ನಾವು ಹೈಫಾ ದಿನಾಂಕವನ್ನು ಬಾಯಿಪಾಠ ಮಾಡುತ್ತೇವೆ. ಕುದುರೆ ಮೇಲಿದ್ದವನ ಊರು ನಮ್ಮ ಪಕ್ಕದ ತಾಲ್ಲೂಕೇ ಇರಬಹುದೆಂದು ಯೋಚಿಸುವುದಿಲ್ಲ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಈ ಹವ್ಯಾಸಕ್ಕೆ ಇಳಿಯುವವರಿಗೆ ಕೆಲವು ಮಾತು. ಪದಕವನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಅಂಚಿನ ಹೆಸರು ಹೋಗುತ್ತದೆ. ಬದಲಿಗೆ ಓರೆಯಾಗಿ ಬೆಳಕು ಬೀಳಿಸಿ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರಗಳೂ ಕಾಣುತ್ತವೆ. ವ್ಯಾಪಾರಿಯನ್ನು ‘ಎಷ್ಟು?’ ಎಂದು ಕೇಳುವ ಮೊದಲು ‘ಯಾವ ಊರಿಂದ ಬಂತು?’ ಎಂದು ಕೇಳಿ. ನಾನು ಇದನ್ನು ಕೇಳಲಿಲ್ಲ. ಎರಡನೇ ಸಲ ಹೋದಾಗ ಆ ವ್ಯಾಪಾರಿ ಅಲ್ಲಿರಲಿಲ್ಲ. ಒಬ್ಬನೇ ಸೈನಿಕನ ಎರಡು ಮೂರು ಪದಕ ಒಟ್ಟಿಗಿದ್ದರೆ ಬೇರ್ಪಡಿಸಬೇಡಿ. ಬಿಡಿಯಾಗಿ ಮಾರಿದರೆ ಲಾಭ ಹೆಚ್ಚೆಂದು ಒಡೆಯುವವರಿದ್ದಾರೆ. ಅದು ಒಬ್ಬನ ಬದುಕನ್ನು ಹರಿದು ಹಂಚಿದಂತೆ.

ನಕಲಿ ಮಾಲು ಬಹಳ. ಹಳೇ ಹೆಸರನ್ನು ಅರದಿಂದ ಉಜ್ಜಿ ಹೊಸ ಹೆಸರು ಕೊರೆದ ಪದಕಗಳೂ ಇವೆ. ಅಂಚು ತೆಳುವಾಗಿದ್ದರೆ ಅನುಮಾನಪಡಿ. ಕಾನೂನೂ ತಿಳಿದಿರಲಿ. 100 ವರ್ಷ ದಾಟಿದ ಚಾರಿತ್ರಿಕ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ವಿದೇಶದ ಗಿರಾಕಿಗೆ ಕಳುಹಿಸುವಂತಿಲ್ಲ. ಕತ್ತಿ, ಬಯೊನೆಟ್, ಬಂದೂಕಿನ ವಿಷಯದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಇದೆ. ಹಳೇ ಗುಂಡು, ಶೆಲ್ಲು ಎಲ್ಲಾದರೂ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಶೋಧಕ್ಕೆ ದಾರಿಗಳಿವೆ. ಯುದ್ಧದ ದಿನಚರಿಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ನಮ್ಮ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಕಡತಗಳನ್ನು ಹುಡುಕಬಹುದು. ಮೈಸೂರು ಸಂಸ್ಥಾನದ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ಇಲ್ಲಿ ತಾಳ್ಮೆ ಬೇಕು. ನಾನು ಬರೆದ ಒಂದು ಪತ್ರಕ್ಕೆ ಏಳು ತಿಂಗಳಾದರೂ ಉತ್ತರವಿಲ್ಲ. ಆದರೆ ಸಂಕ್ಷಿಪ್ತಾಕ್ಷರ ಬಿಡಿಸುವುದು, ಎರಡು ದಾಖಲೆ ತಾಳೆ ಹಾಕುವುದು, ಗೊತ್ತಿರುವುದನ್ನೂ ಊಹೆಯನ್ನೂ ಬೇರೆ ಇಡುವುದು, ಕಚೇರಿಗೆ ಸರಿಯಾಗಿ ಅರ್ಜಿ ಬರೆಯುವುದು ಇವೆಲ್ಲ ನನಗೆ ಯಾವ ಕೋಚಿಂಗ್‌ನಲ್ಲೂ ಸಿಕ್ಕಿರಲಿಲ್ಲ. ಅಪ್ಪನಿಗೆ ಇದನ್ನೇ ಹೇಳಿದ್ದೇನೆ. ಇನ್ನೂ ಪೂರ್ತಿ ಒಪ್ಪಿಲ್ಲ.

ನಮ್ಮ ಊರಿಗೊಂದು ಪಟ್ಟಿ

ಲಾಹೋರ್ ಮ್ಯೂಸಿಯಂನಲ್ಲಿ ಪಂಜಾಬಿನ 3 ಲಕ್ಷ 20 ಸಾವಿರ ಸೈನಿಕರ ವಿವರವಿದ್ದ ರಿಜಿಸ್ಟರ್‌ಗಳು ಬಹುತೇಕ ನೂರು ವರ್ಷ ಯಾರೂ ಮುಟ್ಟದೆ ಬಿದ್ದಿದ್ದವು. ಬ್ರಿಟನ್ನಿನಲ್ಲಿರುವ ಪಂಜಾಬಿ ಮೂಲದವರ ಒಂದು ಸಂಘ ಮತ್ತು ಗ್ರೀನಿಚ್ ವಿಶ್ವವಿದ್ಯಾಲಯ ಸೇರಿ ಅವನ್ನು ಡಿಜಿಟಲ್ ಮಾಡಲು ಹೊರಟವು. 2021ರಲ್ಲಿ ಮೊದಲ ಕಂತು ಸಾರ್ವಜನಿಕರಿಗೆ ಸಿಕ್ಕಿತು. ಊರ ಹೆಸರು ಹಾಕಿದರೆ ಅಲ್ಲಿಂದ ಯಾರು ಯಾರು ಯುದ್ಧಕ್ಕೆ ಹೋದರೆಂದು ತೋರಿಸುತ್ತದೆ. ನಮ್ಮ ರಾಜ್ಯದಲ್ಲಿ ಇಂಥದ್ದು ಯಾಕಾಗಬಾರದು? ಇತಿಹಾಸ ವಿಭಾಗವಿರುವ ಕಾಲೇಜುಗಳಿವೆ. ಎನ್‌ಸಿಸಿ, ಎನ್‌ಎಸ್‌ಎಸ್ ಘಟಕಗಳಿವೆ. ಎನ್‌ಎಸ್‌ಎಸ್ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜತೆ, ಆ ಊರಿನಿಂದ ಸೈನ್ಯಕ್ಕೆ ಹೋದವರ ಪಟ್ಟಿಯನ್ನೂ ಮಾಡಿಸಬಹುದು. ಪಟ್ಟಿಯ ಒಂದು ಪ್ರತಿ ಗ್ರಾಮ ಪಂಚಾಯ್ತಿಯ ಗ್ರಂಥಾಲಯದಲ್ಲಿರಲಿ, ಒಂದು ಕಾಲೇಜಿನಲ್ಲಿರಲಿ.

ಇದಕ್ಕೆ ನೂರು ವರ್ಷ ಹಿಂದೆ ಹೋಗಬೇಕಾಗಿಯೂ ಇಲ್ಲ. 1962, 1965, 1971ರಲ್ಲಿ ಗಡಿಯಲ್ಲಿದ್ದವರು, ಶ್ರೀಲಂಕಾಕ್ಕೆ ಹೋಗಿ ಬಂದವರು, ಕಾರ್ಗಿಲ್‌ನಲ್ಲಿದ್ದವರು ನಮ್ಮ ಬಸ್‌ಸ್ಟಾಂಡಿನ ಅರಳಿಕಟ್ಟೆಯ ಮೇಲೆಯೇ ಕೂತಿರುತ್ತಾರೆ. ಎಷ್ಟೋ ಜನ ಬ್ಯಾಂಕು, ಎಟಿಎಂ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದಾರೆ. ಅವರ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ ಇದೆ, ‘56 ಎಪಿಒ’ ಎಂಬ ವಿಳಾಸದ ಇನ್‌ಲ್ಯಾಂಡ್ ಪತ್ರಗಳಿವೆ, ಗೆಳೆಯರ ಜತೆಗಿನ ಫೋಟೊಗಳಿವೆ. ಆ ಫೋಟೊದಲ್ಲಿ ಯಾರು ಯಾರಿದ್ದಾರೆಂದು ಹೇಳಬಲ್ಲವರು ಅವರೊಬ್ಬರೇ. ಅವರು ಹೋದ ಮೇಲೆ ಅದು ಫುಟ್‌ಪಾತಿಗೆ ಬರುವ ಇನ್ನೊಂದು ಹಳೇ ಫೋಟೊ. ಒಂದು ಕಿವಿಮಾತು: ಅವರ ಪಿಂಚಣಿ ಕಾಗದ, ಗುರುತಿನ ಚೀಟಿಗಳ ಫೋಟೊವನ್ನು ಸ್ಟೇಟಸ್‌ಗೆ ಹಾಕಬೇಡಿ. ಕೇಳಿ ಬರೆದುಕೊಳ್ಳಿ, ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಹಂಚಿಕೊಳ್ಳಿ.

ನನ್ನ ಸಿಪಾಯಿಯ ಮನೆಯವರು ಎಲ್ಲಾದರೂ ಸಿಕ್ಕರೆ ಪದಕ ವಾಪಸ್ ಕೊಡಬೇಕೆಂದಿದ್ದೇನೆ. ಎರಡೂವರೆ ಸಾವಿರ ಕೇಳಬೇಕೋ ಬೇಡವೋ? ಬೇಡ ಎಂದು ಇಲ್ಲಿ ಬರೆಯುವುದು ಸುಲಭ. ಕೆಲಸ ಸಿಗದ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಕೇಳಲಾರೆ ಎನಿಸುತ್ತದೆ. ನಮ್ಮ ಮಿಲಿಟ್ರಿ ತಾತನ ಪದಕವನ್ನು ಯಾರಾದರೂ ಹೀಗೆ ತಂದುಕೊಟ್ಟಿದ್ದರೆ ಅಜ್ಜಿ ಅವರನ್ನು ಊಟ ಮಾಡಿಸದೆ ಕಳುಹಿಸುತ್ತಿರಲಿಲ್ಲ. ನನಗೂ ಅಷ್ಟು ಸಿಕ್ಕರೆ ಸಾಕು.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮೂರಿನ ಒಬ್ಬ ನಿವೃತ್ತ ಯೋಧರ ಪಕ್ಕ ಅರ್ಧ ಗಂಟೆ ಕೂತುಕೊಳ್ಳಿ. ಯುದ್ಧದ ಕಥೆ ಕೇಳಲು ಸಂಕೋಚವಾದರೆ ಅವರ ಸರ್ವಿಸ್ ನಂಬರ್ ಕೇಳಿ. ಊಟ ಮಾಡಿದ್ದು ಮರೆತಿರಬಹುದು, ಆ ನಂಬರನ್ನು ಮರೆತಿರುವುದಿಲ್ಲ. ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುವುದನ್ನು ನೋಡಿ. ಮರೆಯದೆ ಅದನ್ನು ಬರೆದಿಟ್ಟುಕೊಳ್ಳಿ.